ಜೋಡಿಕಾಯಿ ಮೇಸ್ತ್ರಿಯ ಪಿಸ್ತೂಲು

ನಮ್ಮೂರ ಪುರಭವನದ ಮೊದಲ ಮಹಡಿಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇದೆ. ಅದರ ಮುಂದೆ ನಿಂತು ಯಾರಾದರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ಅವರು ನಗುತ್ತಿರುವುದು ನನ್ನನ್ನು ಕುರಿತೇ ಎಂದು ತಿಳಿಯಿರಿ. ಅದಕ್ಕೆ ನಾನು ಅಲ್ಲಿರಬೇಕಾಗಿಲ್ಲ. ನನ್ನ ಮಾನ ಅಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ, ಸೋಮವಾರವೊಂದು ಬಿಟ್ಟು, ಸಾರ್ವಜನಿಕರ ವೀಕ್ಷಣೆಗೆ ತೆರೆದಿರುತ್ತದೆ.

ನನ್ನ ಹೆಸರು ಲೋಥಾರ್ ಕ್ರೌಟ್ಸ್. ವಯಸ್ಸು ಅರವತ್ತೇಳು. ಊರು ಐಶೆನ್‌ಗ್ರುಂಡ್. ತ್ಯೂರಿಂಗಿಯಾದ ಕಾಡಿನ ಅಂಚಿನಲ್ಲಿದೆ; ಕೋವಿಗೆ ಹೆಸರಾದ ಸೂಲ್ ಪಟ್ಟಣದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಮ್ಮ ಸೀಮೆಯಲ್ಲಿ ಮಗು ಹುಟ್ಟಿದರೆ ಮೂಗು ಯಾರದು, ಕಣ್ಣು ಯಾರದು ಎಂದು ಕೇಳುವುದಿಲ್ಲ. ಬೆರಳು ನೋಡುತ್ತಾರೆ, ಕಬ್ಬಿಣ ಉಜ್ಜುವ ಅರ ಹಿಡಿಯಲು ಬರುತ್ತದೋ ಇಲ್ಲವೋ ಎಂದು. ನನ್ನ ಬೆರಳು ನೋಡಿದ ಕೂಡಲೇ ಅಜ್ಜ ಎದ್ದುಹೋದನಂತೆ. ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ಅರ್ಥವಾಗದೆ ಕೋವಿ ಕಾರ್ಖಾನೆಯ ತರಬೇತಿ ಶಾಲೆ ಸೇರಿದೆ. ೧೯೭೪ರ ಜೂನ್‌ನಲ್ಲಿ ಕೊನೆಯ ಪರೀಕ್ಷೆ. ನಾನು ಮಾಡಿಕೊಟ್ಟ ಕೆಲಸವನ್ನು ಮೇಸ್ತ್ರಿ ಓಟ್ಟೋಮಾರ್ ಗ್ರೋಬೆ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಉಹೂಂ" ಎಂದರು. ಅಷ್ಟೇ. ಮನೆಗೆ ಬಂದರೆ ಅಮ್ಮ ಆಗಲೇ ಎರಡು ದೊಡ್ಡ ತಟ್ಟೆ ಚೆರಿ ಕೇಕು ಬೇಯಿಸಿ, ಮಗ ಪಾಸಾದನೆಂದು ಬೀದಿಗೆಲ್ಲಾ ಹಂಚಿ ಮುಗಿಸಿದ್ದಳು. ಅಂಚೆಯವನು ಬಾಯ್ತುಂಬ ಕೇಕು ಇಟ್ಟುಕೊಂಡೇ ನನ್ನ ಕೈ ಕುಲುಕಿದ. "ಏನಾಯ್ತೋ?" ಎಂದು ಅಮ್ಮ ಕೇಳಿದಾಗ ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲ.

ಆ ತುಂಡು ಐವತ್ತು ವರ್ಷ ಗಂಟಲಲ್ಲೇ ಉಳಿಯಿತು. ನಾನು ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ ಸೇರಿ, ಬೇರೆಯವರು ಮಾಡಿದ ಕೋವಿಗಳನ್ನು ಎಣ್ಣೆಕಾಗದದಲ್ಲಿ ಸುತ್ತುತ್ತಾ ಕಾಲ ಕಳೆದೆ. "ಎಲ್ಲಿ ಕೆಲಸ?" ಎಂದರೆ "ಕೋವಿ ಕಾರ್ಖಾನೆ" ಎನ್ನುತ್ತಿದ್ದೆ. ಸುಳ್ಳಲ್ಲ. "ಕೆಲಸ ಕಲಿತಿದ್ದೀಯಾ?" ಎಂದು, ಆಮೇಲೆ ನನ್ನ ಹೆಂಡತಿಯಾದ ಇರ್ಮಾಳ ಅಪ್ಪ ಕೇಳಿದಾಗ "ಮೂರು ವರ್ಷ ಕಲಿತೆ" ಎಂದೆ. ಅದೂ ಸುಳ್ಳಲ್ಲ. ಪ್ಯಾಕಿಂಗ್‌ನವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಶಪಥ ಮಾಡಿದ್ದ ಆ ಮುದುಕ, ಕೋವಿ ಕುಶಲಕರ್ಮಿಗೆ ಕೊಟ್ಟೆನೆಂದು ನೆಮ್ಮದಿಯಿಂದ ಕಣ್ಣು ಮುಚ್ಚಿದ. ಇರ್ಮಾಗೆ ನಿಜ ಹೇಳಲು ಒಳ್ಳೆಯ ಸಮಯಕ್ಕಾಗಿ ಕಾಯುತ್ತಿದ್ದೆ. ನಲವತ್ತೈದು ವರ್ಷದಲ್ಲಿ ಅಂಥ ಸಮಯ ಒಂದೂ ಬರಲಿಲ್ಲ.

ಸುಳ್ಳಿಗೆ ಸಾಕ್ಷಿ ಬೇಕಲ್ಲ, ಅದಕ್ಕೇ ಹಳೆಯ ಪಿಸ್ತೂಲುಗಳನ್ನು ಕೂಡಿಹಾಕಲು ಶುರುಮಾಡಿದೆ. ನಳಿಗೆಯ ಬಾಯಿಂದ ಮದ್ದು ತುಂಬುವ, ಒಂದೇ ಗುಂಡಿನ ಹಳೆಯ ಜರ್ಮನ್ ಪಿಸ್ತೂಲುಗಳಿಗೆ ನಮ್ಮ ಕಾನೂನಿನಲ್ಲಿ ಪರವಾನಗಿ ಬೇಡ. ಹನ್ನೊಂದನ್ನು ಗೋಡೆಗೆ ತೂಗುಹಾಕಿದೆ, ಕೊರಳಿಗೆ ಭೂತಗನ್ನಡಿ ತೂಗುಹಾಕಿಕೊಂಡೆ. ಜನ ಅಜ್ಜನ ಕಾಲದ ತುಕ್ಕು ಕಬ್ಬಿಣಗಳನ್ನು ತಂದು ತೋರಿಸುತ್ತಿದ್ದರು. ನಾನು ನಳಿಗೆಯ ಅಡಿಯ ಮುದ್ರೆ ನೋಡಿ, ಒಮ್ಮೆ ಕೆಮ್ಮಿ, "ಅಪರೂಪದ್ದು" ಎನ್ನುತ್ತಿದ್ದೆ. "ಸಾಮಾನ್ಯದ್ದು" ಎಂದು ಹೇಳಲು ವಿದ್ಯೆ ಬೇಕು. "ಅಪರೂಪದ್ದು" ಎನ್ನಲು ಕೆಮ್ಮು ಸಾಕು.

ಹೀಗೆ ಮರ್ಯಾದೆಯಿಂದ ಬದುಕಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ಇರ್ಮಾಳ ತಮ್ಮ ಗುಂಟರ್ ಊಟಕ್ಕೆ ಬಂದ. ಕಂಕುಳಲ್ಲಿ ಆಲೂಗಡ್ಡೆ ಚೀಲದ ಗಂಟು.

"ಭಾವ, ಇದನ್ನೊಂಚೂರು ನೋಡು. ಹಳೇ ಸಾಮಾನಿನ ಸಂತೇಲಿ ಕಾಫಿ ಬೀಸೋ ಯಂತ್ರ ತಗೊಂಡೆ, ಅವನು ಇದನ್ನ ಪುಕ್ಕಟೆ ಕೊಟ್ಟ. ತೋಟದ ಮನೆ ಗೋಡೆಗೆ ಹೊಡೆದು ಕೋಟು ನೇತುಹಾಕೋಣ ಅಂತಿದ್ದೀನಿ."

ಚೀಲ ಬಿಚ್ಚಿದೆ. ತುಕ್ಕು ತಿಂದ ನಳಿಗೆ, ಕಪ್ಪಾದ ಮರದ ಹಿಡಿ. ಭೂತಗನ್ನಡಿ ಹಿಡಿದೆ. ಮುದ್ರೆಯಲ್ಲಿ ಓಕ್ ಮರದ ಕಾಯಿ. ಒಂದಲ್ಲ, ಎರಡು, ಒಂದರ ಹೆಗಲ ಮೇಲೆ ಇನ್ನೊಂದು. ಇಂಥ ಮುದ್ರೆ ನಾನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. "ಗೊತ್ತಿಲ್ಲ" ಎನ್ನಬಹುದಿತ್ತು. ಮೈದುನನ ಮುಂದೆ ಯಾವ ಗಂಡಸು ಹಾಗೆ ಹೇಳುತ್ತಾನೆ?

"ಗುಂಟರ್," ಎಂದು ಕೆಮ್ಮಿದೆ, "ಮೊದಲು ಕೈ ಒರೆಸ್ಕೋ. ನೀನು ಮುಟ್ತಿರೋದು ಜೋಡಿಕಾಯಿ ಮೇಸ್ತ್ರಿ ಪಿಸ್ತೂಲನ್ನ."

"ಅದ್ಯಾರು?"

"ಅದೇ ವಿಷಯ. ಯಾರಿಗೂ ಗೊತ್ತಿಲ್ಲ."

"ಹಾಗಾದ್ರೆ ನಿನಗೆ ಹೇಗೆ ಗೊತ್ತಾಯ್ತು?"

"ನಾನು ಕೆಲಸ ಕಲಿತವನಲ್ವೇನೋ!"

"ಮೊದಲು ಅದನ್ನ ಮೇಜಿನಿಂದ ತೆಗೀರಿ," ಎಂದಳು ಇರ್ಮಾ. "ಕಡುಬು ಆರ್ತಾ ಇದೆ. ಇನ್ನೂರು ವರ್ಷ ಕಾದಿರೋ ಪಿಸ್ತೂಲು ಇನ್ನರ್ಧ ಗಂಟೆ ಕಾಯುತ್ತೆ."

ಇನ್ನೂರು ವರ್ಷ ಎಂದು ಮೊದಲು ಹೇಳಿದವಳು ಅವಳು. ದಾಖಲೆಗಿರಲಿ ಎಂದು ಬರೆದಿದ್ದೇನೆ.

ಆ ವಾರ ಕೂತು ಪ್ರಮಾಣಪತ್ರ ಬರೆದೆ. ನಳಿಗೆಯ ತುದಿಯ ಗುರಿಮಣಿ ಕೂದಲೆಳೆಯಷ್ಟು ಎಡಕ್ಕಿತ್ತು. ಆದ್ದರಿಂದ ಇದು ಬಲಗಣ್ಣಿಲ್ಲದ ಒಬ್ಬ ಜಮೀನ್ದಾರನಿಗೆಂದೇ ಮಾಡಿದ್ದು. ಹಿಡಿ ತೀರಾ ದಪ್ಪ. ಚಳಿಗಾಲದಲ್ಲಿ ಕೈಗವಸು ತೆಗೆಯದೆ ಹಿಡಿಯಲಿ ಎಂಬ ಮುಂದಾಲೋಚನೆ. ಸ್ಕ್ರೂಗಳ ಗೀರು ಒಂದರಂತೆ ಒಂದಿಲ್ಲ. ಮಹಾಕಲಾವಿದರು ಮಾಡಿದ್ದನ್ನೇ ಮತ್ತೆ ಮಾಡುವುದಿಲ್ಲ. ಇನ್ನು ಕುದುರೆ, ಅಂದರೆ ಹೊಡೆಯುವ ಸುತ್ತಿಗೆ, ಬೀಳಬೇಕಾದಲ್ಲಿ ಬೀಳದೆ ಪಕ್ಕಕ್ಕೆ ಬೀಳುತ್ತಿತ್ತು. ಇದಕ್ಕೆ ಎರಡು ದಿನ ಯೋಚಿಸಬೇಕಾಯಿತು. ಕೊನೆಗೆ ಹೊಳೆಯಿತು: ದ್ವಂದ್ವಯುದ್ಧದಲ್ಲಿ ಗೆಳೆಯರು ಒಬ್ಬರನ್ನೊಬ್ಬರು ಕೊಲ್ಲಬಾರದೆಂದು ಮೇಸ್ತ್ರಿ ಬೇಕೆಂದೇ ಗುಂಡು ಹಾರದ ಪಿಸ್ತೂಲು ಮಾಡಿದ್ದ. ದಯಾಮಯ! ಬರೆಯುವಾಗ ನನ್ನ ಕಣ್ಣೇ ತೇವವಾಯಿತು. ಕೆಳಗೆ, ನಾನೂ ಸದಸ್ಯನಾಗಿದ್ದ ಊರಿನ ಗುರಿಕಾರರ ಸಂಘದ ಮೊಹರು ಒತ್ತಿದೆ. ನಮ್ಮ ದೇಶದಲ್ಲಿ ಮೊಹರು ಬಿದ್ದ ಕಾಗದವನ್ನು ನಂಬದೆ ಇರುವುದು ಶಿಷ್ಟಾಚಾರವಲ್ಲ.

ಗುಂಟರ್ ಅಂದಿನಿಂದ ನೆಲ ಬಿಟ್ಟು ನಡೆಯತೊಡಗಿದ. ಪಕ್ಕದ ಮನೆಯಾಕೆ ಫ್ರೌ ರೋಟ್ ಒಂದು ಹಳೆಯ ಚಿತ್ರ ಹಿಡಿದು ಓಡಿಬಂದರು. "ಕ್ರೌಟ್ಸ್ ಅವರೇ, ಆ ಒಕ್ಕಣ್ಣಿನ ಜಮೀನ್ದಾರರು ನಮ್ಮ ಮುತ್ತಜ್ಜನ ಅಜ್ಜ. ನೋಡಿ, ಈ ಚಿತ್ರದಲ್ಲಿ ಒಂದೇ ಕಣ್ಣು!" ಚಿತ್ರ ಪಕ್ಕದಿಂದ ಬರೆದದ್ದು. ಪಕ್ಕದಿಂದ ಯಾರಿಗಾದರೂ ಒಂದೇ ಕಣ್ಣು ತಾನೇ? ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು ಬಂದ ಹೆಂಗಸಿಗೆ ಇಲ್ಲ ಎನ್ನಲಾಗಲಿಲ್ಲ. ಕಸಾಯಿ ಅಂಗಡಿಯ ಬೋಡೋ, ಆ ಮೇಸ್ತ್ರಿ ಇದ್ದದ್ದು ತನ್ನ ಅಂಗಡಿಯ ಅಟ್ಟದಲ್ಲೇ ಎಂದು ಬೋರ್ಡು ಹಾಕಿ, ಎರಡೆರಡು ಅಂಟಿಕೊಂಡಿರುವ 'ಜೋಡಿಕಾಯಿ ಸಾಸೇಜು' ಮಾರತೊಡಗಿದ. ಎದುರಿನ ಔಷಧ ಅಂಗಡಿಯವನು, ಇಲ್ಲ, ಮೇಸ್ತ್ರಿ ನಮ್ಮಲ್ಲಿದ್ದ ಎಂದ. ಚರ್ಚಿನಲ್ಲಿ ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂರತೊಡಗಿದರು.

ಇಷ್ಟಾದ ಮೇಲೆ ಮೇಯರ್ ಅನ್ನೆಗ್ರೆಟ್ ಲಿಂಡ್‌ನರ್ ಕರೆಸಿದರು. ಪಿಸ್ತೂಲಿಗೆ ಪುರಭವನದಲ್ಲಿ ಗಾಜಿನ ಪೆಟ್ಟಿಗೆ, ಬ್ಯಾಂಡು, ಭಾಷಣ.

"ಒಂದು ಸಣ್ಣ ವಿಷಯ, ಕ್ರೌಟ್ಸ್ ಅವರೇ. ಪ್ರಮಾಣಪತ್ರಕ್ಕೆ ಇನ್ನೊಂದು ಸಹಿ ಬೇಕು. ಮೇಸ್ತ್ರಿ ಪಟ್ಟ ಇರೋರದ್ದು. ನಾಲ್ಕು ಕಣ್ಣು ನೋಡಿರ್ಬೇಕು ಅಂತ ನಿಯಮ."

"ನನ್ನದೇ ಎರಡಿದೆ. ಕನ್ನಡಕ ಸೇರಿಸಿದ್ರೆ ನಾಲ್ಕಾಗುತ್ತಲ್ಲ."

"ತಮಾಷೆ ಬಿಡಿ. ಮೇಸ್ತ್ರಿ ಗ್ರೋಬೆ ಅಂತ ಒಬ್ರಿದ್ದಾರಂತೆ."

ನಾನು ಕೆಮ್ಮಿದೆ. "ಪಾಪ, ತೀರಿಕೊಂಡ್ರು ಅನ್ಸುತ್ತೆ."

"ಇಲ್ವಲ್ಲ, ಈಗ ತಾನೇ ಫೋನಲ್ಲಿ ಮಾತಾಡಿದೆ. ತೊಂಬತ್ತೊಂದು ವರ್ಷ. ಪಕ್ಕದೂರಿನ ವೃದ್ಧಾಶ್ರಮದಲ್ಲಿದ್ದಾರೆ."

"ಕಣ್ಣು ಕಾಣಿಸಲ್ಲ ಅಂತ ಕೇಳಿದ್ದೆ."

"ಹೋದ ತಿಂಗಳು ಪೊರೆ ತೆಗೆಸಿದ್ರಂತೆ. ಈಗ ಹದ್ದಿನ ಕಣ್ಣು ಅಂತ ನಕ್ಕರು. ಶನಿವಾರ ಹನ್ನೊಂದಕ್ಕೆ ಬಸ್ಸಲ್ಲಿ ಬರ್ತಾರೆ."

ಪಿಸ್ತೂಲಿನ ಬಗ್ಗೆ ನನಗೆ ಎಳ್ಳಷ್ಟೂ ಭಯವಿರಲಿಲ್ಲ ಎಂಬುದನ್ನು ಗಮನಿಸಬೇಕು. ಭಯ ಮುಖದ್ದು. "ಇವನೇ ಅಲ್ವಾ ನಾನು ಫೇಲು ಮಾಡಿದ ಕ್ರೌಟ್ಸ್?" ಎಂದು ಆ ಮುದುಕ ಒಂದು ಮಾತು ಅಂದರೆ ನಲವತ್ತೈದು ವರ್ಷದ ಸಂಸಾರ ಬೀದಿಗೆ ಬರುತ್ತದೆ. ಐದು ದಿನದಲ್ಲಿ ಎಷ್ಟು ಸಾಧ್ಯವೋ ಅಷ್ಟು ಮೀಸೆ ಬಿಟ್ಟೆ. ಶುಕ್ರವಾರ ತಿಂಡಿಯ ಹೊತ್ತಿಗೆ ಇರ್ಮಾ ಕರವಸ್ತ್ರ ಕೊಟ್ಟು, "ಮೂತಿಗೆ ಏನೋ ಮೆತ್ಕೊಂಡಿದೆ, ಒರೆಸ್ಕೋ" ಎಂದಳು.

ಶನಿವಾರ ಊರೆಲ್ಲಾ ಪುರಭವನದಲ್ಲಿ ಸೇರಿತು. ಸಂಘದವರೆಲ್ಲ ಹಸಿರು ಕೋಟು, ಗರಿ ಸಿಕ್ಕಿಸಿದ ಟೋಪಿಯಲ್ಲಿ ಬಂದಿದ್ದರು. ನಾನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬ್ಯಾಂಡಿನವರ ಅತಿ ದೊಡ್ಡ ತುತ್ತೂರಿಯ ಹಿಂದೆ ಅಡಗಿದೆ. ಮೇಸ್ತ್ರಿ ಗ್ರೋಬೆ ನಾಲ್ಕು ಚಕ್ರದ ಊರುಗೋಲು ತಳ್ಳಿಕೊಂಡು ಬಂದರು. ನನ್ನ ಪಕ್ಕದಲ್ಲೇ ಹಾದುಹೋದರು. ನೇರವಾಗಿ ಮುಖ ನೋಡಿ, "ಸ್ವಲ್ಪ ಜಾಗ ಬಿಡಪ್ಪ" ಎಂದರು. ಗುರುತು ಹಿಡಿಯಲಿಲ್ಲ! ನಾನು ಮನಸ್ಸಿನಲ್ಲೇ ಮೀಸೆಗೆ ಕೃತಜ್ಞತೆ ಹೇಳಿದೆ.

ಅವರು ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕಣ್ಣು ಮುಚ್ಚಿದರು. ಆಮೇಲೆ ನನ್ನ ಪ್ರಮಾಣಪತ್ರವನ್ನು ಮೊದಲಿಂದ ಕೊನೆವರೆಗೆ ಓದಿದರು.

"ಇದನ್ನ ಬರೆದೋರು ಯಾರು?"

ಊರೇ ತಿರುಗಿ ತುತ್ತೂರಿಯ ಕಡೆ ನೋಡಿತು. "ನಮ್ಮ ಭಾವ!" ಎಂದು ಗುಂಟರ್ ಕೂಗಿದ.

"ಒಳ್ಳೇ ಕಣ್ಣಪ್ಪ ಇವರದ್ದು. ಒಂದನ್ನೂ ಬಿಟ್ಟಿಲ್ಲ."

ಚಪ್ಪಾಳೆಯೋ ಚಪ್ಪಾಳೆ. ಇರ್ಮಾ ತಿರುಗಿ ನನ್ನನ್ನು ನೋಡಿದಳು. ಮದುವೆಯ ದಿನ ನೋಡಿದ ಹಾಗೆ. ಆ ನೋಟ ನೆನೆದರೆ ಇವತ್ತಿಗೂ ನನಗೆ ತಲೆ ಎತ್ತಲು ಆಗುವುದಿಲ್ಲ.

"ಗುರಿ ಎಡಕ್ಕೆ, ಹಿಡಿ ದಪ್ಪ, ಕುದುರೆ ಸೊಟ್ಟ, ಸ್ಕ್ರೂ ಒಂದೂ ಸರಿ ಇಲ್ಲ," ಎಂದು ಮೇಸ್ತ್ರಿ ಮುಂದುವರಿಸಿದರು. "ತಪ್ಪುಗಳನ್ನ ಇಷ್ಟು ಚೆನ್ನಾಗಿ ಪಟ್ಟಿ ಮಾಡಿದ್ದು ನಾನು ನೋಡೇ ಇಲ್ಲ. ನಾನು ಬರೆದ ಪಟ್ಟೀಲಿ ಮೂರೇ ಇತ್ತು."

"ನೀವು ಬರೆದ ಪಟ್ಟಿನಾ?" ಮೇಯರ್ ಕೇಳಿದರು.

"ಹೂಂ. ಇದನ್ನ ಮಾಡಿದ ಹುಡುಗನ್ನ ಫೇಲು ಮಾಡಿದಾಗ. ಇದು ನಮ್ಮ ತರಬೇತಿ ಶಾಲೆ ಪರೀಕ್ಷೆ ಪಿಸ್ತೂಲು, ತಾಯಿ. ಹಳೇದರ ನಕಲು. ಮುದ್ರೆ ಒಂದೇ ಕಾಯಿ; ಒತ್ತುವಾಗ ಸುತ್ತಿಗೆ ಜಾರಿ ಎರಡು ಬಿದ್ದಿದೆ. ಫೇಲಾಗಿದ್ದನ್ನೆಲ್ಲ ನೆಲಮಾಳಿಗೆಗೆ ಎಸೀತಿದ್ವಿ. ಅಲ್ಲಿ ಒಂದು ಸಲ ಹೊಳೆ ನೀರು ನುಗ್ತು. ತುಕ್ಕು ಅಲ್ಲೀದು. ಆಮೇಲೆ ಯಾರೋ ಗುಜರಿಗೆ ಹಾಕಿರ್ಬೇಕು."

ತುತ್ತೂರಿಯವನು, ಏನು ಮಾಡಬೇಕೆಂದು ತೋಚದೆ, ಒಂದು ಸ್ವರ ಊದಿ ನಿಲ್ಲಿಸಿದ.

"ಯಾರದ್ದು ಅಂತ ಈಗ್ಲೇ ಗೊತ್ತಾಗುತ್ತೆ. ಅದಲು ಬದಲು ಮಾಡ್ಕೋಬಾರ್ದು ಅಂತ ಹಿಡಿಯ ಮರದ ಒಳಗಡೆ ಪೆನ್ಸಿಲಲ್ಲಿ ಹೆಸರು ಬರೆಸ್ತಿದ್ದೆ. ಸ್ಕ್ರೂಡ್ರೈವರ್ ತನ್ನಿ. ಇಲ್ಲಿ ಕೋವಿ ಕೆಲಸ ಕಲಿತೋರು ಯಾರಿದ್ದೀರಿ? ನನ್ನ ಕೈ ನಡುಗುತ್ತೆ."

"ಹೋಗು ಭಾವ! ನೀನೇ ಬಿಚ್ಚು!" ಗುಂಟರ್ ನನ್ನನ್ನು ಮುಂದಕ್ಕೆ ನೂಕಿದ. ಇಷ್ಟು ಹೊತ್ತಾದರೂ ನನಗೆ ಹೊಳೆದಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬೇರೆ ಯಾವನೋ ದಡ್ಡ ಸಿಕ್ಕಿಬೀಳುತ್ತಾನೆಂದೇ ತಿಳಿದಿದ್ದೆ. ಅವನ ಬಗ್ಗೆ ಕನಿಕರವೂ ಆಗಿತ್ತು. ಮೊದಲ ಸ್ಕ್ರೂಗೆ ಕೈ ಹಾಕಿದೆ. ಅರ್ಧ ಸುತ್ತು ತಿರುಗಿ ಕಚ್ಚಿಕೊಂಡಿತು. ಒಂಚೂರು ಒತ್ತಿ, ಹಿಂದಕ್ಕೆ ತಂದು, ಮತ್ತೆ ಮುಂದಕ್ಕೆ ಹೋಗಬೇಕು ಎಂದು ನನ್ನ ಹೆಬ್ಬೆರಳಿಗೆ ಗೊತ್ತಿತ್ತು. ಹೆಬ್ಬೆರಳಿಗೆ ಹೇಗೆ ಗೊತ್ತು ಎಂದು ಯೋಚಿಸುವಷ್ಟರಲ್ಲಿ ಮರ ಕಳಚಿ ಅಂಗೈಗೆ ಬಿತ್ತು.

ಓದಿದೆ. ಒಂದು ಸಲ ಸಾಲಲಿಲ್ಲ.

"ಅಳಿಸಿಹೋಗಿದೆ," ಎಂದೆ.

"ಕೊಡು ಇಲ್ಲಿ," ಎಂದು ಇರ್ಮಾ ಕೈಚಾಚಿದಳು. ಮಾರುಕಟ್ಟೆಗೆ ಬರೆದುಕೊಟ್ಟ ಚೀಟಿಗಳಲ್ಲಿ, ಕ್ರಿಸ್ಮಸ್ ಕಾರ್ಡುಗಳಲ್ಲಿ ನಲವತ್ತೈದು ವರ್ಷದಿಂದ ನನ್ನ ಅಕ್ಷರ ಓದುತ್ತಿದ್ದವಳು. ಕನ್ನಡಕ ಹಾಕಿಕೊಂಡಳು. ಚರ್ಚಿನಲ್ಲಿ ಓದುವ ದನಿಯಲ್ಲಿ ಓದಿದಳು:

"ಲೋಥಾರ್ ಕ್ರೌಟ್ಸ್. ಹದಿನಾಲ್ಕನೇ ಬೆಂಚು. ಜೂನ್, ಸಾವಿರದೊಂಬೈನೂರ ಎಪ್ಪತ್ನಾಲ್ಕು."

ಮರವನ್ನು ಮೇಜಿನ ಮೇಲಿಟ್ಟು, ಕೈಚೀಲ ತೆಗೆದುಕೊಂಡು, ಹೊರಟುಹೋದಳು.

ಆಮೇಲೆ ಎಲ್ಲರಿಗೂ ಒಟ್ಟಿಗೆ ಬಾಯಿ ಬಂತು. "ನಲವತ್ತು ಕಿಲೋ ಸಾಸೇಜು ಏನ್ ಮಾಡ್ಲಿ ನಾನು?" ಎಂದ ಬೋಡೋ. "ಹಾಗಾದ್ರೆ ನಮ್ಮ ಮುತ್ತಜ್ಜನ ಅಜ್ಜನಿಗೆ ಎರಡೂ ಕಣ್ಣಿತ್ತಾ?" ಎಂದು ಫ್ರೌ ರೋಟ್ ಅತ್ತೇಬಿಟ್ಟರು. ಗುಂಟರ್ ನನ್ನ ಕಿವಿಯ ಹತ್ತಿರ ಬಂದು, "ಕೋಟು ನೇತುಹಾಕ್ತೀನಿ ಅಂದಾಗ ಸುಮ್ನಿರೋಕೆ ಏನಾಗಿತ್ತು ನಿನಗೆ?" ಎಂದ. ಅವನು ಜೀವಮಾನದಲ್ಲಿ ಆಡಿದ ಒಂದೇ ಬುದ್ಧಿವಂತ ಮಾತು ಅದು. ಗಾಜಿನ ಪೆಟ್ಟಿಗೆ ಹೇಗೂ ಮಾಡಿಸಿಯಾಗಿದೆಯಲ್ಲ ಎಂದು ಮೇಯರ್ ಪಿಸ್ತೂಲನ್ನು ನನ್ನ ಪ್ರಮಾಣಪತ್ರದ ಸಮೇತ ಅದರಲ್ಲೇ ಇಡಿಸಿದರು.

ಮೇಸ್ತ್ರಿ ಗ್ರೋಬೆ ಮಾತ್ರ ನನ್ನನ್ನೇ ನೋಡುತ್ತಿದ್ದರು. ಟೋಪಿ ತೆಗೆಸಿದರು. "ಮುಖ ಮರೆತುಹೋಗುತ್ತೆ ಕಣೋ," ಎಂದರು, "ಕೆಲಸ ಮರೆಯಲ್ಲ. ಆರು ತಿಂಗಳಿಗೆ ಮರುಪರೀಕ್ಷೆ ಇತ್ತಲ್ಲ, ಯಾಕೆ ಬರ್ಲಿಲ್ಲ? ಹದಿನಾಲ್ಕನೇ ಬೆಂಚನ್ನ ವರ್ಷವೆಲ್ಲ ಖಾಲಿ ಇಟ್ಟಿದ್ದೆ."

"ನಾಚಿಕೆ ಆಯ್ತು, ಮೇಸ್ತ್ರಿ."

"ಅರ್ಧ ಮಿಲಿಮೀಟರಿಗೆ ಐವತ್ತು ವರ್ಷ ನಾಚಿಕೆನಾ?"

ಈ ಸಲ ಬಾಯಿಗೆ ಹಾಕಿಕೊಳ್ಳಲು ಕೇಕು ಇರಲಿಲ್ಲ.

ನಾಲ್ಕನೆಯ ದಿನ ಇರ್ಮಾ ಅಡಿಗೆಮನೆಯ ಕಪಾಟಿನ ಬಾಗಿಲನ್ನು ತೆಗೆದಳು. ಅದು ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆಗೆದಳು. ಮತ್ತೆ ಮುಚ್ಚಿಕೊಂಡಿತು.

"ಇದನ್ನ ಕೂರಿಸಿದ್ದು ನೀನು."

"ಹೂಂ."

"ಗೋಡೆ ಸೊಟ್ಟ ಅಂದ್ಕೊಂಡಿದ್ದೆ ನಾನು. ಕೋವಿ ಕೆಲಸದವನು ಮಾಡಿದ್ದು ಸೊಟ್ಟ ಇರುತ್ತಾ, ಗೋಡೆಯೇ ಸೊಟ್ಟ ಇರ್ಬೇಕು ಅಂತ. ಕಿಟಕಿ, ಹಾಸಿಗೆ ಮಂಚ, ಹಿತ್ತಲ ಗೇಟು. ನಲವತ್ತೈದು ವರ್ಷ ಈ ಮನೇನ ಬೈತಾ ಬಂದಿದ್ದೀನಲ್ಲೋ, ಪಾಪ ಅದೇನು ಮಾಡಿತ್ತು!"

"ನಿಮ್ಮಪ್ಪ ಪ್ಯಾಕಿಂಗ್‌ನವನಿಗೆ ಕೊಡಲ್ಲ ಅಂದಿದ್ರು."

"ಅಪ್ಪ ಅಂದಿದ್ದು. ನಾನು ಅಂದಿದ್ನಾ?" ಎಂದಳು. ಆಗ ಅತ್ತಳು, ಜೋರಾಗಿ. "ಆ ಮುದುಕ ಮೇಸ್ತ್ರಿ ಫೋನ್ ಮಾಡಿದ್ರು. ಮರುಪರೀಕ್ಷೆಗೆ ಮಂಗಳವಾರ ಬೆಳಿಗ್ಗೆ ಏಳಕ್ಕೆ ಬಾ ಅಂದಿದ್ದಾರೆ. ಅರ ನಿಂದೇ ತರ್ಬೇಕಂತೆ. ಹೋಗಿ ಬಾ. ಮೊದಲು ಮೀಸೆ ತೆಗಿ."

ಹೋದೆ. ವೃದ್ಧಾಶ್ರಮದ ಕೋಣೆಯ ಕಿಟಕಿಯ ಕಟ್ಟೆಗೆ ಅವರು ಕಬ್ಬಿಣ ಕಚ್ಚಿ ಹಿಡಿಯುವ ಒಂದು ಪುಟ್ಟ ಹಿಡಿಕ ಬಿಗಿದು, ಗುರಿಮಣಿ ಇಲ್ಲದ ಇನ್ನೊಂದು ಪರೀಕ್ಷೆ ಪಿಸ್ತೂಲನ್ನು ಅದಕ್ಕೆ ಸಿಕ್ಕಿಸಿದ್ದರು. ಒಂದು ಕಬ್ಬಿಣದ ತುಂಡು ಕೊಟ್ಟು, "ಗುರಿಮಣಿ ಮಾಡಿ ಕೂರಿಸು" ಎಂದರು. ಅರವತ್ತೇಳು ವರ್ಷದ ಗಂಡಸು, ಎದುರು ಮಂಚದ ಅಜ್ಜಂದಿರು ನೋಡುತ್ತಿರುವಾಗ, ನಾಲ್ಕು ಗಂಟೆ ಕಾಲ ಬೆವರು ಸುರಿಸಿ ಅರ ಉಜ್ಜಿದೆ. ಗಂಜಿ ತಂದ ನರ್ಸಮ್ಮ ನೆಲದ ಮೇಲಿನ ಕಬ್ಬಿಣದ ಪುಡಿ ನೋಡಿ ಇಬ್ಬರಿಗೂ ಬೈದಳು. ಮೇಸ್ತ್ರಿ ಪಿಸ್ತೂಲನ್ನು ಬೆಳಕಿಗೆ ಹಿಡಿದರು. ಒಂದು ಕಣ್ಣು ಮುಚ್ಚಿದರು.

"ಇನ್ನೂ ಎಡಕ್ಕೇ ಇದೆ," ಎಂದರು. "ಮುಂದಿನ ಮಂಗಳವಾರ ಬಾ."

ಬಸ್ಸು ಹಿಡಿದು ಮನೆಗೆ ಬಂದೆ. ಗಲ್ಲಿಗೆ ತಿರುಗುವಾಗಲೇ ಬೇಯುವ ಕೇಕಿನ ವಾಸನೆ ಬಂತು. ಫ್ರೌ ರೋಟ್ ಬೇಲಿಯ ಆಚೆ ನಿಂತು ನೋಡುತ್ತಿದ್ದರು, ಗುಂಟರ್ ಮೆಟ್ಟಿಲ ಮೇಲೆ ಕೂತಿದ್ದ. ಇರ್ಮಾ ಚೆರಿ ಕೇಕಿನ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಒಂದು ತುಂಡನ್ನೂ ಕತ್ತರಿಸಿರಲಿಲ್ಲ.

"ಏನಾಯ್ತು?"

"ಫೇಲು," ಎಂದೆ. ಗಟ್ಟಿಯಾಗಿಯೇ ಅಂದೆ. ಬೇಲಿಯಾಚೆಗೂ ಕೇಳಿಸಿತು.

ಇರ್ಮಾ ತಟ್ಟೆಯನ್ನು ಗುಂಟರ್ ಕೈಗೆ ಕೊಟ್ಟಳು. ಆಮೇಲೆ ಚಾಕು ತೆಗೆದುಕೊಂಡು ಕೇಕು ಕತ್ತರಿಸಿದಳು.